ಬಡಬಾಗ್ನಿಯ ದ್ವೀಪಗಳು

ನಮ್ಮ ಕಾನಹೊಸಹಳ್ಳಿಯ ಕಡೆಯವರಿಗೆ ನೀರೆಂದರೆ ಕೆರೆಯ ನೀರು. ಅದೂ ಮಳೆಯಾದ ವರ್ಷಕ್ಕೆ ಮಾತ್ರ. ಸಮುದ್ರವೆಂಬುದು ಭೂಪಟದಲ್ಲಿ ನೀಲಿ ಬಳಿದಿರುವ ಭಾಗವೆಂದೂ, ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಒಂದೆಂದೂ ಬಲ್ಲೆವೇ ಹೊರತು ಅದರ ಉಪ್ಪು ನಮ್ಮ ನಾಲಗೆಗೆ ತಾಗಿದುದು ಕಡಮೆ. ಮೂವತ್ತು ವರ್ಷಗಳಿಗೂ ಮಿಕ್ಕು ಪಾಠ ಹೇಳಿದ ನಾನು, ಬೇರೆ ಅಧ್ಯಾಪಕರು ದೊರೆಯದ ವರ್ಷಗಳಲ್ಲಿ ಸಂಸ್ಕೃತ ಕನ್ನಡಗಳ ಜೊತೆಗೆ ಭೂಗೋಳವನ್ನೂ ಹೇಳಬೇಕಾಗಿ ಬಂದಿತ್ತು. ಆಗ ಕರಿಹಲಗೆಯ ಮೇಲೆ ನಾನು ವರ್ಷವರ್ಷವೂ ಬರೆಯುತ್ತಿದ್ದ ವಾಕ್ಯವೊಂದುಂಟು: ‘ಕರ್ನಾಟಕದಲ್ಲಿ ಅಗ್ನಿಪರ್ವತಗಳಿಲ್ಲ.’ ಬಾಲಕರು ಅದನ್ನು ಹಾಗೆಯೇ ಬರೆದುಕೊಂಡರು, ಪರೀಕ್ಷೆಯಲ್ಲಿ ಹಾಗೆಯೇ ಬರೆದರು, ನಾನು ಅಂಕವನ್ನೂ ಕೊಟ್ಟೆನು. ಆ ವಾಕ್ಯವು ಅರ್ಧ ಮಾತ್ರವೇ ನಿಜವೆಂದು ನನಗೆ ತಿಳಿದುದು ನಿವೃತ್ತನಾದ ಮೇಲೆ, ಅರುವತ್ತರ ಹೊಸಿಲಿನಲ್ಲಿ, ಮಲ್ಪೆಯ ಕಡಲ ನಡುವೆ ಒಂದು ಬೋಟಿನಲ್ಲಿ ಕುಳಿತಿದ್ದಾಗ.

ಕಳೆದ ಪುಷ್ಯಮಾಸದಲ್ಲಿ ಉಡುಪಿಯ ಶ್ರೀಕೃಷ್ಣದರ್ಶನಕ್ಕೆಂದು ಮನೆಯವರನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೊರಟೆನು. ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ ಆಗುಂಬೆಯ ಘಟ್ಟವನ್ನು ಇಳಿಯುವ ಹೊತ್ತಿಗೆ ಹುಡುಗನ ಕಣ್ಣು ಅರಳಿದ್ದುವು. ಜಾಲಿಯ ಮರವನ್ನೇ ಕಂಡವನಿಗೆ ಅಷ್ಟು ಹಸುರು ಒಟ್ಟಿಗೆ ದೊರೆತುದು ಅದೇ ಮೊದಲು. ದೇವರ ದರ್ಶನವಾದ ಮರುದಿನ ಆತನು, “ತಾತ, ಕಡಲೊಳಗೆ ಕಲ್ಲಿನ ಕಂಬಗಳ ನಡುಗಡ್ಡೆ ಇದೆಯಂತೆ, ಹೋಗೋಣ” ಎಂದು ಹಟ ಹಿಡಿದನು. ಮಲ್ಪೆಯ ಧಕ್ಕೆಯಿಂದ ಸುಮಾರು ೬ ಕಿಲೋಮೀಟರು ದೂರದಲ್ಲಿರುವ ಸೈಂಟ್ ಮೇರಿ ದ್ವೀಪಗಳ ಮಾತು ಅದು. ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುವರು.

‘ದ್ವೀಪ’ ಎಂಬ ಶಬ್ದವನ್ನು ಬಿಡಿಸಿದರೆ ಎರಡು ಕಡೆಯಲ್ಲಿಯೂ ‘ಅಪ್’ ಅಂದರೆ ನೀರು ಉಳ್ಳದ್ದು ಎಂಬರ್ಥ ಬರುವುದು. ಈ ವ್ಯುತ್ಪತ್ತಿಯನ್ನು ಎಷ್ಟು ಸಲ ಹೇಳಿಕೊಟ್ಟಿರುವೆನೋ ಲೆಕ್ಕವಿಲ್ಲ. ಆದರೆ ಬೋಟು ಬಂದರನ್ನು ಬಿಟ್ಟು, ನದಿಯ ಮುಖವನ್ನು ದಾಟಿ, ಅಲೆಯು ಅಡಿಯಿಂದ ಎತ್ತತೊಡಗಿದಾಗ ನಾನು ವ್ಯುತ್ಪತ್ತಿಯನ್ನೆಲ್ಲ ಮರೆತು ಮರದ ಪಟ್ಟಿಯನ್ನು ಎರಡು ಕೈಗಳಿಂದಲೂ ಹಿಡಿದುಕೊಂಡೆನೆಂಬುದನ್ನು ಒಪ್ಪಿಕೊಳ್ಳಬೇಕು. ಬಿಳಿಯ ಕಡಲಕ್ಕಿಗಳ ಒಂದು ಹಿಂಡು ಬೋಟಿನ ಹಿಂದೆಯೇ ಬಂದಿತು. ಕಿವಿಯ ಬಳಿ ಒಂದೊಂದು ಕಪ್ಪು ಬೊಟ್ಟು ಇಟ್ಟಂತೆ ಕಾಣುವ ಈ ಹಕ್ಕಿಗಳು ಚಳಿಗಾಲದ ಅತಿಥಿಗಳು. ಬೇಸಗೆಯಲ್ಲಿ ಲಡಾಖು, ಟಿಬೆಟ್ಟುಗಳ ಎತ್ತರದ ಸರೋವರಗಳ ದಡದಲ್ಲಿ ಮರಿಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲು ನಮ್ಮ ಕರಾವಳಿಗೆ ಇಳಿದು ಬರುವುವು. ಮರಿಮಾಡುವ ಕಾಲದಲ್ಲಿ ತಲೆಯೆಲ್ಲ ಕಂದು ಬಣ್ಣವಾಗುವುದು. ಇಲ್ಲಿಗೆ ಬರುವಾಗ ಆ ಬಣ್ಣ ಕಳೆದು ಬೊಟ್ಟು ಮಾತ್ರ ಉಳಿದಿರುವುದು. ಮೇಲೆ ಗರುಡವೊಂದು ಸುತ್ತುತ್ತಿದ್ದಿತು. ನಮ್ಮ ಮನೆಯವರು ಕೆನ್ನೆಗೆ ಕೈಮುಟ್ಟಿಸಿಕೊಂಡು ನಮಸ್ಕರಿಸಿದರು. ಪಕ್ಕದಲ್ಲಿದ್ದ ಬೇರೆ ಊರಿನ ಹೆಂಗಸರೂ ಹಾಗೆಯೇ ಮಾಡಿದರು.

ದ್ವೀಪದ ಬಳಿ ನೀರು ಆಳವಿಲ್ಲವಾದುದರಿಂದ ನಮ್ಮನ್ನು ಚಿಕ್ಕ ದೋಣಿಗೆ ದಾಟಿಸಿದರು. “ಮಾಷ್ಟ್ರೇ, ಅವಸರ ಬೇಡ, ಅಲೆ ಎತ್ತುವಾಗ ಕಾಲಿಡಿ, ಇಳಿಯುವಾಗ ಇಡಬೇಡಿ” ಎಂದು ದೋಣಿಯವನು ಕೈಕೊಟ್ಟನು. ನಾನು ಮೇಷ್ಟರೆಂದು ಅವನಿಗೆ ಹೇಗೆ ತಿಳಿಯಿತೋ! ದಡದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಕಾಲಿಟ್ಟಲ್ಲೆಲ್ಲ ಬಟ್ಟಲು ಒಡೆದಂತೆ ಸದ್ದು.

ನಾಲ್ಕು ಮುಖ್ಯ ದ್ವೀಪಗಳಿರುವ ಈ ಸಾಲಿನಲ್ಲಿ ಜನರು ಇಳಿಯುವುದು ತೆಂಗಿನ ಮರಗಳಿರುವ ಒಂದರಲ್ಲಿ. ಅದರ ಉದ್ದ ಅರ್ಧ ಕಿಲೋಮೀಟರು, ಅಗಲ ಅದರ ಐದರಲ್ಲೊಂದು ಪಾಲು. ಪಡುವಣ ಅಂಚಿಗೆ ಹೋಗಿ ನೋಡಿದರೆ ಕಲ್ಲಿನ ಕಂಬಗಳು! ಒತ್ತೊತ್ತಾಗಿ ನಿಂತಿರುವ, ಬಹುಮಟ್ಟಿಗೆ ಆರು ಮೂಲೆಯ, ಅಲ್ಲಲ್ಲಿ ಐದು ಏಳು ಮೂಲೆಯ ಕಂಬಗಳು. ಕೆಲವು ಆಳೆತ್ತರ, ಕೆಲವು ಅದರ ಮೂರು ಪಾಲು, ಕೆಲವು ಅಡ್ಡಬಿದ್ದಿರುವುವು. ಹಂಪೆಯ ಕಂಬಗಳನ್ನು ಕಂಡು ಬೆಳೆದ ನಮ್ಮ ಕಡೆಯವರಿಗೆ ಮೊದಲು ತೋರುವುದು ಇದಾವ ಅರಸನ ಮಂಟಪವೋ ಎಂದು. ಆದರೆ ಇಲ್ಲಿ ಉಳಿ ಹಿಡಿದ ಶಿಲ್ಪಿ ಯಾರೂ ಇಲ್ಲ. ಇದು ಕಾದು ಕರಗಿದ ಕಲ್ಲು ತಣಿದ ಬಗೆ.

ಇದು ಹೇಗೆಂಬುದನ್ನು ನಮ್ಮ ಕೆರೆಯಂಗಳವೇ ತಿಳಿಸಬಲ್ಲುದು. ಚೈತ್ರ ವೈಶಾಖಗಳಲ್ಲಿ ಕೆರೆ ಬತ್ತಿದಾಗ ಮೇಲಿನ ಜೇಡಿಮಣ್ಣು ಒಣಗಿ ಕುಗ್ಗುವುದು. ಕುಗ್ಗಿದ ಮಣ್ಣು ಮೊದಲಿನ ಸ್ಥಳವನ್ನು ತುಂಬಲಾರದೆ ಬಿರುಕು ಬಿಡುವುದು. ಬಿರುಕುಗಳು ಒಂದನ್ನೊಂದು ಕೂಡಿ ಹಲವು ಮೂಲೆಯ ಹೆಂಟೆಗಳಾಗುವುವು. ಅಗ್ನಿಪರ್ವತದಿಂದ ಹೊರಬಿದ್ದ ಲಾವಾರಸವೂ ಹೀಗೆಯೇ. ಹೊರಮೈ ಮೊದಲು ತಣಿದು ಕುಗ್ಗಿ ಬಿರಿಯುವುದು. ಒಳಭಾಗ ಮೆಲ್ಲಮೆಲ್ಲನೆ ತಣಿದಂತೆಲ್ಲ ಆ ಬಿರುಕು ಒಳಕ್ಕೆ ಒಳಕ್ಕೆ ಇಳಿಯುತ್ತ ಹೋಗುವುದು. ಜೇಡಿಯಲ್ಲಿ ಗೇಣುದ್ದ ಇಳಿಯುವ ಬಿರುಕು ಇಲ್ಲಿ ಹಲವು ಮೊಳ ಇಳಿದಿರುವುದರಿಂದ ಹೆಂಟೆಗೆ ಬದಲಾಗಿ ಕಂಬವಾಗಿದೆ. ಈ ಕಲ್ಲನ್ನು ಬಸಾಲ್ಟ್ ಎಂದು ಹೇಳುವ ರೂಢಿ ಬಲವಾಗಿದೆ. ಆದರೆ ಅರೆದು ಶೋಧಿಸಿದ ಪಂಡಿತರು ಇದು ಸಿಲಿಕಾಂಶ ಹೆಚ್ಚಾಗಿರುವ ರಯೋಲೈಟ್, ರಯೋಡೇಸೈಟ್ ಜಾತಿಯದೆನ್ನುವರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿರುವುದು. ೧೪೯೮ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಕನ್ಯಾಮಾತೆಯ ಹೆಸರಿನಲ್ಲಿ ಕಂಬವೊಂದನ್ನು ನೆಟ್ಟನೆಂದೂ, ದ್ವೀಪದ ಹೆಸರು ಅದರಿಂದ ಬಂತೆಂದೂ ಹೇಳುವರು. ಇಷ್ಟು ಕಂಬಗಳ ನಡುವೆ ಮತ್ತೊಂದು ಕಂಬವನ್ನು ನೆಡಲು ಅವನಿಗೇಕೆ ತೋರಿತೋ ತಿಳಿಯದು.

ಈ ಬೆಂಕಿಯು ಹೊತ್ತಿದುದು ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ. ಆಗ ನಮ್ಮ ದೇಶವು ಈಗ ಇರುವಲ್ಲಿ ಇರಲಿಲ್ಲ; ಭೂಮಧ್ಯರೇಖೆಯ ಕೆಳಗೆ, ದಕ್ಷಿಣಗೋಳಾರ್ಧದಲ್ಲಿ, ಮಡಗಾಸ್ಕರವನ್ನು ಮಗ್ಗುಲಿಗೆ ಅಂಟಿಸಿಕೊಂಡಿದ್ದಿತು. ಮಲ್ಪೆಯ ಕಡಲಂಚಿಗೂ ಮಡಗಾಸ್ಕರದ ಮೂಡಣ ಅಂಚಿಗೂ ನಡುವೆ ಆಗ ಕಡಲೇ ಇರಲಿಲ್ಲವೆನ್ನಬೇಕು. ನೆಲದ ಅಡಿಯಿಂದ ಎದ್ದ ಬೆಂಕಿಯು ಎರಡನ್ನೂ ಬೇರ್ಪಡಿಸಿತು. ಮಡಗಾಸ್ಕರದ ತುಂಬ ಹರಿದ ಲಾವಾಶಿಲೆಯೂ ಇದೇ ಕಾಲದ್ದು. ಬಳಿಕ ಭಾರತವು ಉತ್ತರಕ್ಕೆ ಸರಿಯುತ್ತ ಸರಿಯುತ್ತ ಬಂದು ಏಷಿಯಾ ಖಂಡಕ್ಕೆ ಡಿಕ್ಕಿ ಹೊಡೆದು ಹಿಮಾಲಯವನ್ನು ಎಬ್ಬಿಸಿತು. ಹಾಗಾದರೆ ಆ ಬೆಂಕಿ ಎಲ್ಲಿಗೆ ಹೋಯಿತು? ಅದು ನಮ್ಮ ಜೊತೆಗೆ ಬರಲಿಲ್ಲ. ಒಲೆಯು ಇದ್ದಲ್ಲಿಯೇ ಇದ್ದಿತು. ಮೇಲಿನ ಹೆಂಚು ಮಾತ್ರ ಸರಿಯಿತು. ಆ ಒಲೆ ಈಗ ಉರಿಯುತ್ತಿರುವುದು ದಕ್ಷಿಣಧ್ರುವದ ಹೊಸಿಲಿನಲ್ಲಿರುವ ಮ್ಯಾರಿಯನ್ ಎಂಬ ದ್ವೀಪದ ಬಳಿ ಎಂದು ಬಹುಮಂದಿ ಭೂವಿಜ್ಞಾನಿಗಳ ಅಭಿಪ್ರಾಯ. ಅದನ್ನು ಮ್ಯಾರಿಯನ್ ತಪ್ತಸ್ಥಾನವೆಂದೇ ಕರೆಯುವರು.

ಇಂಥ ಒಲೆಗಳು ನಮ್ಮ ದೇಶದ ಅಡಿಯಲ್ಲಿ ಇನ್ನೂ ಎರಡು ಇದ್ದುವು. ಬಿಹಾರದ ಆಚೆ ಜಾರ್ಖಂಡದಲ್ಲಿರುವ ರಾಜಮಹಲ್ ಬೆಟ್ಟಗಳನ್ನು ಸುಮಾರು ೧೧ ಕೋಟಿ ೭೦ ಲಕ್ಷ ವರ್ಷಗಳ ಹಿಂದೆ ಸುರಿದ ಬೆಂಕಿಯ ನಂಟು ಕೆರ್ಗೆಲೆನ್ ತಪ್ತಸ್ಥಾನದ್ದು. ಅದೇ ಕೆರ್ಗೆಲೆನ್ ಪ್ರಸ್ಥದ ಮೇಲೆ ಇಂದು ಹರ್ಡ್ ಎಂಬ ದ್ವೀಪವುಂಟು. ಮೈತುಂಬ ಹಿಮ ಹೊದ್ದ ಅಲ್ಲಿನ ಜ್ವಾಲಾಮುಖಿಯ ಎತ್ತರ ೨೭೪೫ ಮೀಟರು. ಹಿಮದ ನಡುವಿನಿಂದ ಇಂದಿಗೂ ಆಗಾಗ ಲಾವಾರಸ ಇಳಿಯುವುದು. ವಿಜಾಪುರದ ಎರೆಯ ನೆಲಕ್ಕೆ ತಾಯಿಯಾದ ದಖನ್ನಿನ ಕಪ್ಪುಕಲ್ಲು ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳದು. ಅದರ ಒಲೆಯು ಇಂದು ರಿಯೂನಿಯನ್ ದ್ವೀಪದಲ್ಲಿ ಉರಿಯುತ್ತಿರುವುದು. ನಮ್ಮ ಬಯಲುಸೀಮೆಯೂ ಇದಕ್ಕೆ ಹೊರತಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತಿರುವ ಬಂಡೆಗಳನ್ನು ಹಿಂದೊಮ್ಮೆ ನೋಡಿದ್ದೆನು. ಲಾವಾರಸವು ನೀರಿನೊಳಗೆ ಹೊರಬಿದ್ದಾಗ ಮಾತ್ರ ಆ ಆಕಾರ ಬರುವುದಂತೆ. ಅವುಗಳ ವಯಸ್ಸು ೨೫೦ ಕೋಟಿ ವರ್ಷಗಳಷ್ಟು. ಒಂದು ಕೊಡ ನೀರಿಗೆ ಮೈಲಿ ನಡೆಯುವ ಊರುಗಳ ಪಕ್ಕದಲ್ಲಿ ಸಮುದ್ರತಳದ ಕಲ್ಲು! ಕರಿಹಲಗೆಯ ಮೇಲಿನ ನನ್ನ ವಾಕ್ಯಕ್ಕೆ ‘ಈಗ’ ಎಂಬ ಒಂದು ಪದವನ್ನು ಸೇರಿಸಿದ್ದರೆ ಸಾಕಾಗಿತ್ತು.

ಕಡಲೊಳಗಿನ ಬೆಂಕಿಯೆಂದೊಡನೆ ಸಂಸ್ಕೃತವನ್ನು ಓದಿದವನಿಗೆ ಬಡಬಾಗ್ನಿಯ ನೆನಪು ಬಾರದಿರದು. ಭೃಗುವಂಶದ ಔರ್ವನು ತನ್ನ ಕೋಪಾಗ್ನಿಯನ್ನು ಪಿತೃಗಳ ಮಾತಿನಂತೆ ಸಮುದ್ರಕ್ಕೆ ಬಿಟ್ಟನೆಂದೂ, ಅದು ಕುದುರೆಯ ಮುಖವಾಗಿ ಅಲ್ಲಿ ನೀರನ್ನು ಕುಡಿಯುತ್ತಿರುವುದೆಂದೂ ಭಾರತದಲ್ಲಿ ಕಥೆಯುಂಟು. ಸೋಜಿಗವೇನೆಂದರೆ ಕ್ರಿ. ಶ. ೪೯೯ರ ಸುಮಾರಿನಲ್ಲಿ ಆರ್ಯಭಟನು ಭೂಗೋಳವನ್ನು ವರ್ಣಿಸುವಾಗ ಉತ್ತರಧ್ರುವದಲ್ಲಿ ಮೇರುವನ್ನೂ ದಕ್ಷಿಣಧ್ರುವದಲ್ಲಿ ಬಡವಾಮುಖವನ್ನೂ ಇಟ್ಟಿರುವನು. ೧೮೪೧ರಲ್ಲಿ ಜೇಮ್ಸ್ ರಾಸನು ದಕ್ಷಿಣಧ್ರುವದ ಕಡಲಿನಲ್ಲಿ ಹೋಗುವಾಗ ಹಿಮದ ನಡುವೆ ಬೆಂಕಿಯುಗುಳುತ್ತಿದ್ದ ಎರೆಬಸ್ ಪರ್ವತವನ್ನು ಕಂಡನು. ಇದನ್ನು ಹಿಡಿದುಕೊಂಡು ನಮ್ಮ ಪೂರ್ವಿಕರು ಎರೆಬಸ್ಸನ್ನು ಮೊದಲೇ ಕಂಡಿದ್ದರೆಂದು ಸಾಧಿಸಹೊರಡುವವರು ಇಲ್ಲದಿಲ್ಲ. ನನಗೆ ಅಂಥ ವಾದಗಳಲ್ಲಿ ರುಚಿಯಿಲ್ಲ. ಹೆಸರು ಒಪ್ಪಿದೆ, ಅದು ಕಾಕತಾಳೀಯ. ಆರ್ಯಭಟನ ದೊಡ್ಡತನಕ್ಕೆ ಅವನ ಗಣಿತವೇ ಸಾಕು.

ಇನ್ನು ಮ್ಯಾರಿಯನ್ ದ್ವೀಪದ ಮಾತು. ಮಲ್ಪೆಯಿಂದ ಮರಳಿದ ಮೇಲೆ ಆ ಒಲೆಯ ಈಗಿನ ನೆಲೆಯನ್ನು ಕುರಿತು ದೊರೆತುದನ್ನೆಲ್ಲ ಓದಿದೆನು. ಆಫ್ರಿಕದ ದಕ್ಷಿಣತುದಿಯ ಕೇಪ್‌ಟೌನಿನಿಂದ ಆಗ್ನೇಯಕ್ಕೆ ಸುಮಾರು ೨೦೦೦ ಕಿಲೋಮೀಟರು ದೂರದಲ್ಲಿ, ನಲವತ್ತೇಳನೆಯ ಅಕ್ಷಾಂಶದ ಹತ್ತಿರ, ಬಿರುಗಾಳಿಯ ಕಡಲಿನಲ್ಲಿ ಇರುವ ಈ ದ್ವೀಪದ ವಿಸ್ತಾರ ೨೯೦ ಚದರ ಕಿಲೋಮೀಟರು. ನಡುವಿನ ಶಿಖರ ೧೨೩೦ ಮೀಟರು. ಮರವೆಂಬುದು ಒಂದೂ ಇಲ್ಲ. ಕಪ್ಪು ಲಾವಾಶಿಲೆ, ಕೆಂಪು ಬೂದಿಗುಡ್ಡಗಳು, ಹಸುರು ಹಾವಸೆ, ಮಂಜು. ೧೯೮೦ರಲ್ಲಿಯೂ ೨೦೦೪ರಲ್ಲಿಯೂ ಬೆಂಕಿ ಕಾಣಿಸಿಕೊಂಡಿತು. ದಕ್ಷಿಣ ಆಫ್ರಿಕವು ೧೯೪೭-೪೮ರಲ್ಲಿ ಇದನ್ನು ತನ್ನದಾಗಿ ಮಾಡಿಕೊಂಡು ಹವೆಯನ್ನು ಗಮನಿಸುವ ಠಾಣೆಯನ್ನು ಇಟ್ಟಿತು. ವಿಜ್ಞಾನಿಗಳ ಹೊರತು ಬೇರೆಯವರು ಇಳಿಯುವಂತಿಲ್ಲ. ೨೦೨೨ರ ಜನವರಿಯಲ್ಲಿ ಸಾವಿರಕ್ಕೂ ಮಿಕ್ಕ ಪಕ್ಷಿಪ್ರೇಮಿಗಳು ದೊಡ್ಡ ಹಡಗೊಂದರಲ್ಲಿ ಆ ದ್ವೀಪದ ಕಡಲಿಗೆ ಹೋಗಿ, ದೂರದರ್ಶಕಗಳನ್ನು ಕಣ್ಣಿಗೆ ಹಿಡಿದು ಹಕ್ಕಿಗಳನ್ನು ಕಂಡು, ನೆಲಕ್ಕೆ ಕಾಲಿಡದೆ ಮರಳಿ ಬಂದರು. ಅಷ್ಟು ದೂರ ಹೋಗಿ ಇಳಿಯದೆ ಬರುವುದೇ ಎಂದು ಮೊದಲು ನನಗೂ ಅನಿಸಿತು. ನಮ್ಮ ಅಂಡಮಾನಿನ ಬಂಜರು ದ್ವೀಪವನ್ನು, ಅಂದರೆ ಭಾರತದಲ್ಲಿ ಇಂದಿಗೂ ಹೊಗೆಯುಗುಳುವ ಒಂದೇ ಜ್ವಾಲಾಮುಖಿಯನ್ನು, ಹಡಗಿನಲ್ಲಿ ಕುಳಿತೇ ನೋಡಿ ಬರುವರು. ಅಲ್ಲಿ ಬೆಂಕಿಯ ಭಯ. ಮ್ಯಾರಿಯನ್ನಿನಲ್ಲಿ ಭಯಪಡಬೇಕಾದವರು ನಾವಲ್ಲ.

ಅಲ್ಲಿನ ನಿವಾಸಿಗಳನ್ನು ಕೇಳಿರಿ. ರಾಜಪೆಂಗ್ವಿನ್ ಎಂಬ ಮೊಳ ಎರಡು ಎತ್ತರದ ಹಕ್ಕಿ ಗೂಡನ್ನೇ ಕಟ್ಟದು. ಒಂದೇ ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು ಹೊಟ್ಟೆಯ ಚರ್ಮದ ಮಡಿಕೆಯಿಂದ ಮುಚ್ಚಿ ನಿಲ್ಲುವುದು. ಗಂಡೂ ಹೆಣ್ಣೂ ಸರದಿಯಲ್ಲಿ ನಿಲ್ಲುವುವು. ದಡದಲ್ಲಿ ಆನೆಸೀಲುಗಳು ಗುಡ್ಡೆಗುಡ್ಡೆಯಾಗಿ ಒರಗಿರುವುವು. ನೀರಿನಲ್ಲಿ ಕೊಲ್ಲುವ ತಿಮಿಂಗಿಲಗಳು ಅವುಗಳಿಗಾಗಿ ಕಾಯುವುವು. ಎಲ್ಲಕ್ಕೂ ಮಿಗಿಲಾದುದು ಅಲೆಮಾರಿ ಆಲ್ಬಟ್ರಾಸ್. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಮೂರು ಮೀಟರಿಗೂ ಮಿಕ್ಕು. ನಮ್ಮ ನಡುಮನೆಯಲ್ಲಿ ಅದು ರೆಕ್ಕೆ ಬಿಚ್ಚಲಾರದು. ಅಷ್ಟು ಅಗಲದ ರೆಕ್ಕೆಯನ್ನು ಬಡಿಯದೆಯೇ, ಗಾಳಿಯ ಏರಿಳಿತವನ್ನೇ ಏರಿ, ಸಾವಿರಾರು ಕಿಲೋಮೀಟರು ಸಾಗುವುದು. ಲೋಕದಲ್ಲಿರುವ ಈ ಜಾತಿಯ ಸುಮಾರು ಕಾಲುಭಾಗ ಈ ದ್ವೀಪದಲ್ಲಿಯೂ ಇದರ ನೆರೆಯ ಚಿಕ್ಕ ದ್ವೀಪದಲ್ಲಿಯೂ ಮರಿಮಾಡುವುದು. ಎರಡು ವರ್ಷಕ್ಕೆ ಒಂದೇ ಮೊಟ್ಟೆ. ಹನ್ನೊಂದು ವಾರ ಕಾವು. ಮರಿ ಹುಟ್ಟಿದ ಮೇಲೆ ಒಂಬತ್ತು ತಿಂಗಳು ಗೂಡಿನಲ್ಲಿಯೇ. ಅದೂ ಧ್ರುವದ ಚಳಿಗಾಲವನ್ನೆಲ್ಲ ಕಳೆಯುತ್ತ. ತಂದೆತಾಯಿಗಳು ಮೀನಿಗಾಗಿ ಕಡಲ ಮೇಲೆ ದಿನಗಟ್ಟಲೆ ಹೋಗಿರುವಾಗ ಮರಿಯು ಒಂಟಿಯಾಗಿ, ಹಿಮದಲ್ಲಿ, ಕುಳಿತಲ್ಲಿಯೇ ಕುಳಿತಿರುವುದು.

ಆ ಮರಿಯನ್ನು ಇಲಿ ತಿನ್ನುತ್ತಿದೆ.

ನಮ್ಮ ಅಟ್ಟದ ಮೇಲೆ ಜೋಳದ ಚೀಲವನ್ನು ಕಚ್ಚುವ, ಹೆಬ್ಬೆರಳು ಗಾತ್ರದ ಚಿಟ್ಟಿಲಿಯೇ ಅದು, ಬೇರೆ ಪ್ರಾಣಿಯಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸೀಲುಗಳನ್ನು ಬೇಟೆಯಾಡಲು ಬಂದವರ ಹಡಗುಗಳಿಂದ ಇಳಿದುವು. ೧೯೪೮ರ ಬಳಿಕ ಠಾಣೆಯವರು ಇಲಿಯ ಕಾಟಕ್ಕಾಗಿ ಐದು ಬೆಕ್ಕುಗಳನ್ನು ತಂದರು. ಬೆಕ್ಕಿಗೆ ಇಲಿಗಿಂತ ಬಿಲದಲ್ಲಿರುವ ಹಕ್ಕಿ ಸುಲಭವೆನಿಸಿತು. ಐದು ಬೆಕ್ಕು ಸಾವಿರಾರಾಗಿ, ವರ್ಷಕ್ಕೆ ನಾಲ್ಕೂವರೆ ಲಕ್ಷ ಹಕ್ಕಿಗಳನ್ನು ಕೊಲ್ಲುತ್ತಿದ್ದುವೆಂದು ೧೯೭೦ರ ದಶಕದಲ್ಲಿ ಲೆಕ್ಕ ಹಾಕಿದರು. ಅವನ್ನು ನಿರ್ಮೂಲ ಮಾಡಲು ೧೯೯೧ರವರೆಗೆ ಹೆಣಗಬೇಕಾಯಿತು. ಇಲಿ ಮಾತ್ರ ಉಳಿಯಿತು. ಹವೆ ಬೆಚ್ಚಗಾಗುತ್ತ ಬಂದಂತೆ ಅದು ಹೆಚ್ಚು ಕಾಲ ಮರಿಹಾಕಿತು. ತಿನ್ನುವ ಹುಳುಹುಪ್ಪಟೆ ತೀರಿತು. ೨೦೦೩ರಲ್ಲಿ ಆಲ್ಬಟ್ರಾಸಿನ ಮರಿಯ ಮೈಮೇಲೆ ಮೊದಲ ಗಾಯ ಕಂಡುಬಂದಿತು. ರಾತ್ರಿಯಲ್ಲಿ ಬೆನ್ನೇರಿ ಕತ್ತಿನ ಹಿಂದೆ ಕೆರೆಯುವುದಂತೆ. ಹತ್ತು ಸೇರು ತೂಕದ ಹಕ್ಕಿ ಕೊಕ್ಕಿನ ಒಂದು ಪೆಟ್ಟಿನಿಂದ ಕೊಲ್ಲಬಹುದಾದ ಇಲಿಗೆ ಅದು ಏನನ್ನೂ ಮಾಡುವುದಿಲ್ಲ, ಅಲುಗುವುದೂ ಇಲ್ಲ. ಏತಕ್ಕೆಂದರೆ ಲಕ್ಷಾಂತರ ವರ್ಷ ಆ ನೆಲದಲ್ಲಿ ಕಾಲಿನ ಮೇಲೆ ನಡೆದುಬರುವ ಶತ್ರುವೇ ಇರಲಿಲ್ಲ. ಶತ್ರುವೆಂಬುದನ್ನು ಅದರ ಕುಲವು ಕಲಿತೇ ಇಲ್ಲ. ೨೦೨೩ರಲ್ಲಿ ಬೆಳೆದ ಹಕ್ಕಿಗಳೂ ಹೀಗೆ ಸತ್ತು ಬಿದ್ದಿದ್ದುವು.

ಈಗ ಅಲ್ಲಿನವರು ಮಾಡಿರುವ ಸಂಕಲ್ಪವೇನೆಂದರೆ, ಒಂದು ಚಳಿಗಾಲದಲ್ಲಿ ಹೆಲಿಕಾಪ್ಟರುಗಳಿಂದ ಇಡೀ ದ್ವೀಪದ ಮೇಲೆ ವಿಷದ ಕಾಳನ್ನು ಚೆಲ್ಲಿ ಇಲಿಯ ಸಂತತಿಯನ್ನು ಒಂದೂ ಉಳಿಯದಂತೆ ತೆಗೆಯುವುದು. ಒಂದು ಬಸುರಿ ಇಲಿ ಉಳಿದರೂ ಕೆಲಸ ವ್ಯರ್ಥ. ಅಸಾಧ್ಯವೆನ್ನುವಂತಿಲ್ಲ, ಮಕ್ವಾರಿ ದ್ವೀಪವನ್ನು ೨೦೧೪ರಲ್ಲಿಯೂ ಸೌತ್ ಜಾರ್ಜಿಯವನ್ನು ೨೦೧೮ರಲ್ಲಿಯೂ ಹೀಗೆಯೇ ಇಲಿಹೆಗ್ಗಣಗಳಿಂದ ಬಿಡಿಸಿದುದಾಗಿ ಸಾರಿರುವರು. ಆದರೆ ವಿಷವು ಇಲಿಯೊಂದನ್ನೇ ಅರಿಯದು. ಕೆಲವು ಹಕ್ಕಿಗಳೂ ಸಾಯುವುವು. ಬಹಳ ಹಣವೂ ಬೇಕು.

ಇದನ್ನೆಲ್ಲ ಒಂದು ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಓದಿ ಹೇಳಿದೆನು. “ಗಣಪತಿಯ ವಾಹನವನ್ನು ಹೀಗೆ ಬೇರುಸಹಿತ ಕೊಲ್ಲುವುದೇ? ಅವು ತಾವಾಗಿ ಹೋದುವೆ? ಕರೆದುಕೊಂಡು ಹೋದವರು ಇವರಲ್ಲವೆ?” ಎಂದು ನಮ್ಮ ಮನೆಯವರು ಕೇಳಿದರು. ಅಹಿಂಸೆಯನ್ನು ಕುರಿತು ಗಂಟೆಗಟ್ಟಲೆ ಪಾಠ ಹೇಳಿದ ನನಗೆ ಒಡನೆ ಉತ್ತರ ತೋರಲಿಲ್ಲ. ತಪ್ಪು ಮಾಡಿದವರು ಸತ್ತು ಇನ್ನೂರು ವರ್ಷವಾಯಿತು, ಶಿಕ್ಷೆ ಇಲಿಗೆ. ಅದು ನ್ಯಾಯವೆನ್ನಲು ನನ್ನ ಬಾಯಿ ಬಾರದು. ಆದರೆ ಏನನ್ನೂ ಮಾಡದೆ ಬಿಟ್ಟರೆ ಆ ಗೂಡಿನ ಮೇಲೆ ಪ್ರತಿ ರಾತ್ರಿಯೂ ನಡೆಯುವುದನ್ನು ನಾವೇ ಮಾಡಿದಂತೆಯೇ ಆಗುವುದು. ನಾನು ಅಲ್ಲಿನ ಅಧಿಕಾರಿಯಾಗಿದ್ದರೆ ಕಾಳನ್ನು ಚೆಲ್ಲಿಸುತ್ತಿದ್ದೆನು. ಚೆಲ್ಲಿಸಿ, ಒಂದು ಹೊತ್ತು ಊಟ ಬಿಡುತ್ತಿದ್ದೆನೆಂದು ತೋರುವುದು. ಹಾಗೆಂದು ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾಯಿ ಮರಳಿ ಬಂದಾಗ ಮರಿ ಕೂಗುವುದೆ?” ಎಂದು ಕೇಳಿದರು. ಕೂಗುವುದೆಂದು ಹೇಳಿದೆನು.

ಮಲ್ಪೆಯ ದ್ವೀಪದಲ್ಲಿ ಆಲ್ಬಟ್ರಾಸ್ ಇಲ್ಲ. ನಾವು ಇಳಿದರೆ ಅಷ್ಟು ದೊಡ್ಡ ಅನಾಹುತವೂ ಇಲ್ಲ. ಬೂದುಬಣ್ಣದ ಕಡಲಬಕವೊಂದು ಬಂಡೆಯ ತುದಿಯಲ್ಲಿ ಒಂದೇ ಕಾಲಿನಲ್ಲಿ ನಿಂತಿದ್ದು, ನಾವು ಹತ್ತು ಹೆಜ್ಜೆ ಹತ್ತಿರವಾದೊಡನೆ ಹಾರಿಹೋಯಿತು. ಅದು ಮನುಷ್ಯನನ್ನು ಅರಿತಿದೆ. ಜನರು ಬುತ್ತಿ ಬಿಚ್ಚಿದ ಸ್ಥಳಗಳಲ್ಲಿ ಕಾಗೆಗಳು ನಮಗಿಂತ ಮೊದಲೇ ಕುಳಿತಿದ್ದುವು. ಎಂಟೂವರೆ ಕೋಟಿ ವರ್ಷದ ಎರಡು ಕಂಬಗಳ ಸಂದಿನಲ್ಲಿ ಯಾರೋ ಸಿಕ್ಕಿಸಿದ್ದ ಒಡೆದ ಸೀಸೆಯನ್ನು ನಾನು ತೆಗೆದು ಚೀಲಕ್ಕೆ ಹಾಕಿಕೊಂಡೆನು. ಬೆರಳು ಸ್ವಲ್ಪ ಕುಯ್ಯಿತು. ಅಷ್ಟರಲ್ಲಿ ಮೊಮ್ಮಗನು ಆರು ಮೂಲೆಯ ಕಲ್ಲಿನ ಚೂರೊಂದನ್ನು ಜೇಬಿಗೆ ಇಳಿಸಿದ್ದನು. ಅದು ಸ್ಮಾರಕದ ಕಲ್ಲು, ಇಟ್ಟುಬಿಡು ಎಂದೆನು. “ಒಂದೇ ಅಲ್ಲವೇ ತಾತ?” ಎಂದನು. ಬೋಟಿನಲ್ಲಿ ಎಷ್ಟು ಜನರಿದ್ದೇವೆ ಎಣಿಸು ಎಂದೆನು. ಎಣಿಸುತ್ತ ಎಣಿಸುತ್ತ ನಲವತ್ತಕ್ಕೆ ಬಂದವನು ಮುಖ ಸಣ್ಣದು ಮಾಡಿಕೊಂಡು ಹೋಗಿ ಎಲ್ಲಿಂದ ತೆಗೆದಿದ್ದನೋ ಅಲ್ಲಿಯೇ ಇಟ್ಟು ಬಂದನು.

ಹೋಗಬೇಕೆನ್ನುವ ವಾಚಕರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಬೋಟುಗಳು ನಿಲ್ಲುವುವು. ಕಾರ್ತಿಕದಿಂದ ವೈಶಾಖದವರೆಗೆ ಹೋಗುವುದು ಒಳ್ಳೆಯದು. ಮುಂಜಾನೆಯ ಬೋಟನ್ನೇ ಹಿಡಿಯಿರಿ. ಮಧ್ಯಾಹ್ನದಲ್ಲಿ ಆ ಕಪ್ಪುಕಲ್ಲು ಕಾದ ಕಾವಲಿಯಂತಿರುವುದು, ನೆರಳು ತೆಂಗಿನದು ಮಾತ್ರ. ಕುಡಿಯುವ ನೀರನ್ನು ಕೊಂಡೊಯ್ಯಬೇಕು. ಅಲೆ ಬಡಿಯುವ ಕಡೆಯ ಬಂಡೆಗಳು ಪಾಚಿಯಿಂದ ಬಹಳ ಜಾರುವುವು, ಆಳವೂ ಒಮ್ಮೆಗೇ ಬರುವುದು. ಚಿತ್ರ ತೆಗೆಸಿಕೊಳ್ಳುವ ಆಸೆಯಿಂದ ಆ ಅಂಚಿಗೆ ಹೋಗಿ ಪ್ರಾಣ ಕಳೆದುಕೊಂಡವರುಂಟು. ಕಾವಲಿನವರು ಸಿಳ್ಳು ಹಾಕಿದರೆ ಹಿಂದಕ್ಕೆ ಬರಬೇಕು. ಮುದುಕರು ದೋಣಿಗೆ ದಾಟುವಾಗ ಅಲೆ ಎತ್ತಿದಾಗ ಕಾಲಿಡಬೇಕು, ಇಳಿಯುವಾಗ ಇಡಬಾರದು.